ಹೊಗೆಯ ವಯಸ್ಸು

ಪ್ರಮೀಳಾ ಹೊಂಬಳ ಹೊಗೆಯ ವಯಸ್ಸು ಹೇಳುವ ಯಂತ್ರವನ್ನು ಮಾಡಿ ಮುಗಿಸಿದ ವರ್ಷವೇ ಅವಳ ಗಂಡ ರುದ್ರಗೌಡನ ಮಾತು ನಿಂತುಹೋಯಿತು. ಮೊದಲು ಬಲಗೈ ಸೋತಿತು, ಆಮೇಲೆ ಕಾಲು, ಆಮೇಲೆ ಕುತ್ತಿಗೆ, ಕೊನೆಗೆ ನಾಲಿಗೆ. ನರಗಳು ಸಾಯುತ್ತಾ ಹೋಗುವ ರೋಗ ಇದು, ಬುದ್ಧಿಯನ್ನು ಮಾತ್ರ ಮುಟ್ಟುವುದಿಲ್ಲ ಎಂದು ಹುಬ್ಬಳ್ಳಿಯ ವೈದ್ಯರು ಹೇಳಿದಾಗ ಅವಳು ಅದನ್ನು ಸಮಾಧಾನದ ಮಾತೆಂದು ತಿಳಿದಿದ್ದಳು. ಬುದ್ಧಿ ನೆಟ್ಟಗಿದ್ದು ಬಾಯಿ ಇಲ್ಲದಿರುವುದು ಎಂಥ ಶಿಕ್ಷೆಯೆಂಬುದು ಮನೆಗೆ ಬಂದ ಮೇಲೆ ತಿಳಿಯಿತು.

ಅದರಲ್ಲೂ ರುದ್ರಗೌಡನಂಥವನಿಗೆ. ಗದಗಿನ ಪ್ರೌಢಶಾಲೆಯೊಂದರಲ್ಲಿ ಅವನು ದೈಹಿಕ ಶಿಕ್ಷಕ. ಸುತ್ತಲಿನ ಊರುಗಳಲ್ಲಿ ಎಲ್ಲೇ ಕುಸ್ತಿ ನಡೆಯಲಿ, ಮೈಕು ಹಿಡಿದು ವಿವರಣೆ ಕೊಡಲು ಅವನೇ ಬೇಕಿತ್ತು. ಪೈಲ್ವಾನರು ಒಬ್ಬರ ಮೇಲೊಬ್ಬರು ಬಿದ್ದು ಅಲುಗಾಡದೆ ಇರುವ ಹೊತ್ತಿನಲ್ಲೂ ಜನ ಎದ್ದು ಹೋಗದಂತೆ ಹಿಡಿದಿಡುವ ನಾಲಿಗೆ ಅದು. ಮನೆಯಲ್ಲಿ ತಾಯಿ ನೀಲವ್ವ ರೊಟ್ಟಿ ಬಡಿಯಲು ಕೂತರೆ ಅದಕ್ಕೂ ವಿವರಣೆ ಶುರು. ಹೆಂಡತಿ ಸಿಟ್ಟಾದರೆ ಆ ಸಿಟ್ಟಿಗೂ ವಿವರಣೆ. ನಗದೆ ಇರುವುದು ಅವಳಿಂದ ಆಗುತ್ತಿರಲಿಲ್ಲ. ಅಂಥವನು ಒಂದು ವರ್ಷಕ್ಕೂ ಮಿಕ್ಕಿ ಮಂಚದ ಮೇಲೆ ಕಣ್ಣು ಬಿಟ್ಟುಕೊಂಡು ಸುಮ್ಮನೆ ಮಲಗಿದ.

ಆಮೇಲೆ ದನಿಪಟ್ಟಿ ಬಂತು. ಸಹಸ್ರಾಕ್ಷ ಎಂಬ ದೊಡ್ಡ ತಂತ್ರಜ್ಞಾನ ಕಂಪನಿ ಮಾಡಿದ, ಹಣೆಗೆ ಕಟ್ಟುವ ತೆಳ್ಳನೆಯ ಪಟ್ಟಿ. ಮಾತಾಡಬೇಕೆಂದುಕೊಂಡಾಗ ಮಿದುಳಿನಲ್ಲಿ ಏಳುವ ಅಲೆಗಳನ್ನು ಅದು ಹಿಡಿದು ಕಂಪನಿಯ ಡೇಟಾ ಸೆಂಟರಿಗೆ ಕಳಿಸುತ್ತಿತ್ತು. ಅಲ್ಲಿನ ಯಂತ್ರಗಳು ಅಲೆಗಳಿಂದ ಶಬ್ದಗಳನ್ನು ಹೆಕ್ಕಿ, ಆ ಮನುಷ್ಯನ ಹಳೆಯ ದನಿಯಲ್ಲೇ ಪೋಣಿಸಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮಂಚದ ಪಕ್ಕದ ಪುಟ್ಟ ಪೆಟ್ಟಿಗೆಗೆ ಹಿಂದಕ್ಕೆ ಕಳಿಸುತ್ತಿದ್ದವು. ಮಿದುಳಿನ ಅಲೆ ಇವತ್ತಿದ್ದಂತೆ ನಾಳೆ ಇರುವುದಿಲ್ಲ. ಹಾಗಾಗಿ ಒಬ್ಬೊಬ್ಬರ ಮಿದುಳನ್ನೂ ಯಂತ್ರಗಳು ದಿನವೂ ಹೊಸದಾಗಿ ಕಲಿಯಬೇಕಿತ್ತು. ಮನೆಯ ಕಂಪ್ಯೂಟರಿನಲ್ಲಿ ಆಗುವ ಕೆಲಸವಾಗಿರಲಿಲ್ಲ. ರಾಜ್ಯದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ಕಂಪನಿ ಅದನ್ನು ಪುಕ್ಕಟೆಯಾಗಿ ಕೊಟ್ಟಿತ್ತು, ಮತ್ತು ಪುಕ್ಕಟೆ ಕೊಟ್ಟದ್ದನ್ನು ಎಲ್ಲ ಜಾಹೀರಾತುಗಳಲ್ಲೂ ಹೇಳಿಕೊಂಡಿತ್ತು.

ಪಟ್ಟಿ ಕಟ್ಟಿದ ದಿನ ರುದ್ರಗೌಡ ಆಡಿದ ಮೊದಲ ಮಾತು, "ಅವ್ವಾ, ಒಂದ್ ವರ್ಷದಿಂದ ಬ್ಯಾಳಿಗೆ ಉಪ್ಪ ಹೆಚ್ಚ ಹಾಕಾಕತ್ತೀಯವಾ." ನೀಲವ್ವ ಸೌಟನ್ನು ಅಲ್ಲೇ ಕೆಳಗೆ ಹಾಕಿ ಅಳುತ್ತಾ ಕೂತುಬಿಟ್ಟಳು. ಅವತ್ತು ಸಂಜೆಯವರೆಗೆ ಅವನು ಮಾತಾಡಿದ. ಓಣಿಯವರೆಲ್ಲ ಬಂದು ಕೇಳಿಹೋದರು.

ಪ್ರಮೀಳಾಳ ಯಂತ್ರದ ಹೆಸರು ವಯೋಮಾಪಕ. ಅವಳು ರಾಜ್ಯ ಇಂಗಾಲ ಪರಿಶೋಧನಾ ಮಂಡಳಿಯ ವಿಜ್ಞಾನಿ. ದೊಡ್ಡ ಕಂಪನಿಗಳು ಗಾಳಿಗೆ ಎಷ್ಟು ಇಂಗಾಲ ಬಿಡುತ್ತವೆ ಎಂದು ನೋಡಿ, ಮಿತಿ ಹಾಕಿ, ದರ್ಜೆ ಕೊಡುವುದು ಮಂಡಳಿಯ ಕೆಲಸ. ಆದರೆ ಆವರೆಗೆ ನೋಡುತ್ತಿದ್ದುದೆಲ್ಲ ಕಂಪನಿಗಳೇ ಬರೆದುಕೊಟ್ಟ ಕಾಗದಗಳನ್ನು. ಗಾಳಿಯನ್ನೇ ಕೇಳಿದರೆ ಹೇಗೆ ಎಂಬ ಯೋಚನೆ ಅವಳಿಗೆ ಬಂದದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಿ.

ಅದರ ತತ್ವ ಸರಳ. ಜೀವವಿರುವ ಎಲ್ಲದರಲ್ಲೂ ವಿಕಿರಣ ಸೂಸುವ ಒಂದು ಬಗೆಯ ಇಂಗಾಲ ಅತ್ಯಲ್ಪ ಪ್ರಮಾಣದಲ್ಲಿರುತ್ತದೆ. ಜೀವ ಹೋದ ಮೇಲೆ ಅದು ನಿಧಾನವಾಗಿ ಕ್ಷಯಿಸುತ್ತದೆ. ಹೋದ ವರ್ಷದ ಹೊಂಗೆ ಬೀಜದ ಎಣ್ಣೆ ಸುಟ್ಟರೆ ಬರುವ ಹೊಗೆಯಲ್ಲಿ ಅದು ಇರುತ್ತದೆ. ಕೋಟ್ಯಂತರ ವರ್ಷ ನೆಲದಡಿ ಬಿದ್ದಿದ್ದ ಡೀಸೆಲ್ಲಿನ ಹೊಗೆಯಲ್ಲಿ ಅದರ ಸುಳಿವೂ ಇರುವುದಿಲ್ಲ. ಮೊದಲಿನದು ಎಳೆಯ ಹೊಗೆ, ಎರಡನೆಯದು ಮುದಿ ಹೊಗೆ. ಪ್ರಯೋಗಾಲಯದಲ್ಲಿ ಈ ಅಳತೆಗೆ ಕೋಣೆ ತುಂಬುವಂಥ ಯಂತ್ರ ಬೇಕಿತ್ತು. ಪ್ರಮೀಳಾ ಅದನ್ನು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು ಮಾಡಿ, ಮರಕ್ಕೆ ಕಟ್ಟಿಬಂದರೆ ತಾನೇ ಗಾಳಿ ಎಳೆದುಕೊಂಡು ಲೆಕ್ಕ ಹೇಳುವಂತೆ ಮಾಡಿದ್ದಳು. ಅದಕ್ಕಾಗಿ ಅವಳ ತಾರುಣ್ಯವೆಲ್ಲ ಹೋಗಿತ್ತು. ಮಕ್ಕಳು ಬೇಕೆನ್ನುವ ಮಾತನ್ನು ಅವಳು ಮುಂದಕ್ಕೆ ಹಾಕುತ್ತಾ ಬಂದು, ಕೊನೆಗೆ ಆ ಮಾತೇ ಮನೆಯಲ್ಲಿ ಏಳದಂತಾಗಿತ್ತು.

ಹೊಸ ಕಾಯ್ದೆ ಬಂದು ಮಂಡಳಿ ವಯೋಮಾಪಕವನ್ನು ಒಪ್ಪಿಕೊಂಡಾಗ, ಮೊದಲ ಪರಿಶೋಧನೆಗೆ ಆರಿಸಿದ್ದು ಸಹಸ್ರಾಕ್ಷವನ್ನೇ. ತನ್ನ ಗಂಡ ಆ ಕಂಪನಿಯ ದನಿಪಟ್ಟಿಯಿಂದ ಮಾತಾಡುತ್ತಾನೆ ಎಂದು ಅವಳು ಅಧ್ಯಕ್ಷರಿಗೆ ತಿಳಿಸಿದಳು. ಅಷ್ಟು ಸಾವಿರ ಮಂದಿಗೆ ಸಿಗುವುದು ನಿಮಗೂ ಸಿಕ್ಕಿದೆ, ಅದರಲ್ಲೇನಿದೆ ಎಂದರು ಅವರು. ವಯೋಮಾಪಕದ ಮಾತು ಅವಳಷ್ಟು ಬಲ್ಲವರು ಮಂಡಳಿಯಲ್ಲಿ ಬೇರೆ ಯಾರೂ ಇರಲಿಲ್ಲ.

ಸಹಸ್ರಾಕ್ಷದ ಡೇಟಾ ಸೆಂಟರ್ ಇದ್ದದ್ದು ಮುಂಡರಗಿ ಕಡೆಯ ಎರೆಭೂಮಿಯಲ್ಲಿ. ಹಿಂದೆ ಗುಡ್ಡದ ಸಾಲು, ಸಾಲಿನ ಮೇಲೆ ಗಾಳಿಯಂತ್ರಗಳು. ಕಂಪನಿ ಪ್ರತಿವರ್ಷ ಸುಸ್ಥಿರತೆಯ ವರದಿ ಹೊರಡಿಸುತ್ತಿತ್ತು: ನಮ್ಮ ವಿದ್ಯುತ್ತೆಲ್ಲ ಗಾಳಿಯದು, ಗಾಳಿ ಬಿದ್ದಾಗ ಹೊಂಗೆ ಎಣ್ಣೆಯ ಜನರೇಟರುಗಳದು, ನಾವು ಬಿಡುವ ಇಂಗಾಲ ಸೊನ್ನೆ. ಪ್ರತಿವರ್ಷ ಚಿನ್ನದ ದರ್ಜೆ ಸಿಗುತ್ತಿತ್ತು. ಆ ದರ್ಜೆ ನೋಡಿಯೇ ಹೊರದೇಶದ ಹೂಡಿಕೆದಾರರು ಬರುತ್ತಿದ್ದರು.

ಬೇಸಿಗೆಯ ನಡುವೆ, ಗಾಳಿ ಸತ್ತುಹೋದ ವಾರ ನೋಡಿ ಪ್ರಮೀಳಾ ಹೋದಳು. ಆವರಣದ ಸುತ್ತಲಿನ ಬೇವಿನ ಮರಗಳಿಗೆ, ಪಕ್ಕದ ತಾಂಡಾದ ಶಾಲೆಯ ಮಾಳಿಗೆಗೆ ವಯೋಮಾಪಕಗಳನ್ನು ಕಟ್ಟಿಸಿದಳು. ಗುಡ್ಡದ ಮೇಲೆ ಒಂದು ರೆಕ್ಕೆಯೂ ತಿರುಗುತ್ತಿರಲಿಲ್ಲ. ಡೇಟಾ ಸೆಂಟರ್ ಮಾತ್ರ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ತಣ್ಣಗಾಗಿಸುವ ಗೋಪುರಗಳಿಂದ ಬೆಳ್ಳನೆಯ ಹಬೆ ಏಳುತ್ತಿತ್ತೇ ಹೊರತು ಕಪ್ಪು ಹೊಗೆ ಎಲ್ಲಿಯೂ ಇರಲಿಲ್ಲ. ಹೊಂಗೆ ಎಣ್ಣೆಯ ಟ್ಯಾಂಕರುಗಳು ಮುಂದಿನ ಗೇಟಿನಲ್ಲಿ ಸಾಲಾಗಿ ನಿಂತಿದ್ದವು.

ಅಳತೆ ಬಂದಾಗ ಅವಳು ನಂಬಲಿಲ್ಲ. ಯಂತ್ರಗಳನ್ನು ಬಿಚ್ಚಿ ಒರೆಸಿ, ಮರದಿಂದ ಮರಕ್ಕೆ ಅದಲುಬದಲು ಮಾಡಿ ಮತ್ತೆ ಕಟ್ಟಿಸಿದಳು. ಉತ್ತರ ಬದಲಾಗಲಿಲ್ಲ. ಆ ಹಬೆಯೊಳಗೆ ಇದ್ದದ್ದು ಮುದಿ ಹೊಗೆ. ಮಸಿಯನ್ನು ಸೋಸಿ, ಉಳಿದ ಹೊಗೆಯನ್ನು ಹಬೆಯಲ್ಲಿ ಬೆರೆಸಿ ಕಣ್ಣಿಗೆ ಕಾಣದಂತೆ ಬಿಡುತ್ತಿದ್ದರು. ಹೊಂಗೆ ಎಣ್ಣೆಯ ಟ್ಯಾಂಕರುಗಳು ಮುಂದಿನ ಗೇಟಿನಿಂದ ತುಂಬಿ ಬಂದು, ಹಿಂದಿನ ಗೇಟಿನಿಂದ ತುಂಬಿದಂತೆಯೇ ಹೊರಗೆ ಹೋಗುತ್ತಿದ್ದವು ಎಂಬುದು ಆಮೇಲೆ ಬಯಲಾಯಿತು. ಒಂದು ಸಣ್ಣ ನಗರ ಬಿಡುವಷ್ಟು ಇಂಗಾಲವನ್ನು ಆ ಸೊನ್ನೆ ಅಡಗಿಸಿಕೊಂಡಿತ್ತು.

ಮರುದಿನ ಬೆಳಿಗ್ಗೆ ಕಂಪನಿಯ ಸುಸ್ಥಿರತಾ ವಿಭಾಗದ ಮುಖ್ಯಸ್ಥೆ ಮೃದುಲಾ ಕಾಮತ್ ಅವಳನ್ನು ಒಳಗೆ ಬರಹೇಳಿದಳು. ಪ್ರಮೀಳಾಳಿಗಿಂತ ಚಿಕ್ಕವಳು, ಮಂಗಳೂರು ಕಡೆಯವಳು, ಮಾತು ತುಂಬ ಮೆತ್ತಗೆ. ಎಳನೀರು ತರಿಸಿಕೊಟ್ಟಳು. ಈ ಬಿಸಿಲಲ್ಲಿ ಮರ ಹತ್ತಿಸುವ ಕೆಲಸ ಎಷ್ಟು ಕಷ್ಟ ಎಂದು ಮರುಗಿದಳು. ಆಮೇಲೆ ನಿಯಂತ್ರಣ ಕೋಣೆಗೆ ಕರೆದೊಯ್ದಳು.

ಕೋಣೆಯ ಒಂದು ಗೋಡೆ ಪೂರ್ತಿ ಪರದೆ. ಅದರ ಮೇಲೆ ಬಣ್ಣಬಣ್ಣದ ಹೊಲಗಳಂತೆ ಹರಡಿದ್ದವು ಡೇಟಾ ಸೆಂಟರಿನ ಕೆಲಸಗಳು. ಹಳದಿ ಜಾಹೀರಾತು, ಕೆಂಪು ಷೇರು ವ್ಯಾಪಾರ, ನೀಲಿ ಜನ ನೋಡುವ ವಿಡಿಯೊ, ಬೂದು ಯಾವುದೋ ಸರ್ಕಾರದ ಕ್ಯಾಮೆರಾಗಳು ಎಂದು ಮೃದುಲಾ ಪರಿಚಯಿಸುತ್ತಾ ಹೋದಳು. ಕೆಳಗಿನ ಮೂಲೆಯಲ್ಲಿ ಹೊಲದ ಬದುವಿನಷ್ಟು ತೆಳುವಾದ ಒಂದು ಹಸಿರು ಗೆರೆ ಇತ್ತು. ಅದು ದನಿಪಟ್ಟಿ.

ನೀವು ಕಂಡದ್ದು ನಿಜ ಎಂದು ಮೃದುಲಾ ಬಾಯಿಬಿಟ್ಟು ಹೇಳಲಿಲ್ಲ. ಸುಳ್ಳು ಎಂದೂ ಹೇಳಲಿಲ್ಲ. ಪೂರ್ವಕ್ಕೆ ಸುಣ್ಣದ ಭಟ್ಟಿಗಳಿವೆಯಲ್ಲ, ಎಂದಳು. ಸುಣ್ಣದ ಕಲ್ಲು ಸುಟ್ಟರೂ ಮುದಿ ಇಂಗಾಲವೇ ಬರುತ್ತದೆ. ಯಂತ್ರ ಹೊಸದು, ಭಟ್ಟಿಯ ಹೊಗೆಗೆ ಮೋಸಹೋಗಿದೆ ಎಂದು ನೀವು ಬರೆದರೆ ಯಾರೂ ನಿಮ್ಮನ್ನು ತಪ್ಪೆನ್ನುವುದಿಲ್ಲ. ಮುಂದಿನ ವರ್ಷ ಸುಧಾರಿಸಿದ ಯಂತ್ರ ತನ್ನಿ. ಅಷ್ಟರೊಳಗೆ ನಮ್ಮ ಮನೆಯನ್ನು ನಾವು ಸರಿಮಾಡಿಕೊಂಡಿರುತ್ತೇವೆ.

ಭಟ್ಟಿಗಳ ಪಕ್ಕದಲ್ಲೂ ವಯೋಮಾಪಕ ಕಟ್ಟಿಸಿದ್ದೆ, ಭಟ್ಟಿಗಳು ಆ ವಾರ ಉರಿದೇ ಇಲ್ಲ ಎಂದಳು ಪ್ರಮೀಳಾ.

ಮೃದುಲಾ ತಲೆಯಾಡಿಸಿದಳು. ಪರದೆಯ ಹತ್ತಿರ ಹೋಗಿ ನಿಂತಳು.

"ಮಿತಿ ಹಾಕುತ್ತೀರಿ. ಮಿತಿಯೊಳಗೆ ಬರಲಿಕ್ಕೆ ನಾವು ಏನನ್ನಾದರೂ ನಿಲ್ಲಿಸಬೇಕು. ಉಳಿದ ಎಲ್ಲದಕ್ಕೂ ಒಪ್ಪಂದ ಉಂಟು ಮೇಡಂ, ನಿಲ್ಲಿಸಿದರೆ ಕೋರ್ಟಿಗೆ ಹೋಗುತ್ತಾರೆ. ಇದೊಂದಕ್ಕೆ ಒಪ್ಪಂದ ಇಲ್ಲ." ಅವಳ ಬೆರಳು ಹಸಿರು ಗೆರೆಯ ಮೇಲಿತ್ತು. "ಹೊಂಬಳ ರುದ್ರಗೌಡ ಅಲ್ವಾ ನಿಮ್ಮ ಯಜಮಾನರು? ತುಂಬ ಮಾತಾಡ್ತಾರೆ. ನಮ್ಮಲ್ಲಿ ಅವರಷ್ಟು ಮಾತಾಡುವವರು ಬೇರೆ ಇಲ್ಲ."

ಇದು ಬೆದರಿಕೆಯೇ ಎಂದು ಪ್ರಮೀಳಾ ಕೇಳಿದಳು. ಅಲ್ಲ ಎಂದಳು ಮೃದುಲಾ, ಕೂಡಿಸಿ ಕಳೆಯುವ ಮಾತು ಅಷ್ಟೆ. ಗೇಟಿನವರೆಗೂ ಬಂದು ಬೀಳ್ಕೊಟ್ಟಳು.

ಪ್ರಮೀಳಾ ಗದಗಿಗೆ ಬಂದಾಗ ಮಧ್ಯಾಹ್ನ. ನೀಲವ್ವ ಸಂತೆಗೆ ಹೋಗಿದ್ದಳು. ರುದ್ರಗೌಡ ಕಿಟಕಿಯಾಚೆ ಜಗಳಾಡುತ್ತಿದ್ದ ಎರಡು ನಾಯಿಗಳ ಕುಸ್ತಿಯನ್ನು ವಿವರಿಸುತ್ತಿದ್ದ. ಹೆಂಡತಿಯ ಮುಖ ನೋಡಿ ನಿಲ್ಲಿಸಿದ. ಅವಳು ಕುರ್ಚಿ ಎಳೆದುಕೊಂಡು ಕೂತು ನಡೆದದ್ದನ್ನೆಲ್ಲ ಹೇಳಿದಳು. ಹೇಳುವಾಗ ಅವಳ ಮನಸ್ಸಿನಲ್ಲಿ ಒಂದು ನಿರೀಕ್ಷೆ ಇತ್ತು. ಅವನು ದೊಡ್ಡ ಮನಸ್ಸಿನವನು. ಖರೆ ಇದ್ದದ್ದನ್ನ ಬರಿ, ನನ್ನ ಚಿಂತಿ ಬಿಡು ಎಂದು ಅವನೇ ಅನ್ನುತ್ತಾನೆ. ಹಾಗೆಂದರೆ ತಾನು ಅಳಬಹುದು, ಅತ್ತು ಬರೆಯಬಹುದು.

ಅವನ ಕಣ್ಣು ಕಿಟಕಿಯಾಚೆಯ ನಾಯಿಗಳ ಕಡೆ ಹೋಗಿ ಮತ್ತೆ ಅವಳ ಮುಖಕ್ಕೆ ಬಂತು.

"ಸುಳ್ಳ ಬರಿ," ಎಂದ ರುದ್ರಗೌಡ.

ಅವಳು ಕುರ್ಚಿಯನ್ನು ಇನ್ನೂ ಹತ್ತಿರ ಎಳೆದಳು.

"ಪ್ರಮೀ, ಆ ಒಂದ್ ವರ್ಷ ನಾ ಹೆಂಗಿದ್ನಿ ನಿನಗ ಗೊತ್ತಿಲ್ಲ. ಕಿವ್ಯಾಗ ಇರಿವಿ ಹೊಕ್ಕಿತ್ತು ಒಂದಿನಾ. ನೀ ಬಾಜೂಕ್ಕ ಕುಂತು ಪೇಪರ್ ಓದಾಕತ್ತಿದ್ದಿ. ಅದು ಒಳಗ ಓಡ್ಯಾಡಾಕತ್ತಿತ್ತು, ನಾ ನಿನ್ನ ಮಾರಿ ನೋಡ್ಕೋತ ಮಲಗಿದ್ನಿ. ಹೊಗಿ ಯಾರಿಗೂ ಕಾಣಂಗಿಲ್ಲ. ಯಾರೂ ಸಾಯಂಗಿಲ್ಲ ಇವತ್ತ. ಸುಳ್ಳ ಬರಿ."

ಅವಳು ಏನೇನೋ ಹೇಳಿದಳು. ತಾಂಡಾದ ಶಾಲೆಯಲ್ಲಿ ಮಕ್ಕಳು ಕೆಮ್ಮುವುದನ್ನು ಹೇಳಿದಳು. ಮೊದಲ ಅಳತೆಯೇ ಸುಳ್ಳಾದರೆ ಇನ್ನು ಯಾವ ಕಂಪನಿಯೂ ಅಂಜುವುದಿಲ್ಲ ಎಂದಳು. ಬೇರೆ ದಾರಿ ಹುಡುಕೋಣ, ಮಂಡಳಿಯಿಂದ ಅವರ ಮೇಲೆ ಒತ್ತಡ ತರೋಣ ಎಂದಳು. ಅವನು ಎಲ್ಲ ಕೇಳಿದ. ಕಣ್ಣಂಚಿನಿಂದ ನೀರಿಳಿದು ಕಿವಿಗೆ ಹೋಗುತ್ತಿತ್ತು, ಅವಳು ಸೆರಗಿನಿಂದ ಒರೆಸಿದಳು. ಮೈಕಿನ ಮುಂದೆ ಸಾವಿರಾರು ಜನರನ್ನು ನಗಿಸಿದ ಅದೇ ದನಿ ಕೊನೆಗೆ ಹೇಳಿತು:

"ನಿನಗ ನಿನ್ನ ಯಂತ್ರ ಗೆಲ್ಲಬೇಕು. ಅಷ್ಟ ಐತಿ. ಮಕ್ಕಳ ಕೆಮ್ಮು ಗಿಮ್ಮು ಮುಂದ ಮಾಡಬ್ಯಾಡ."

ಆ ಮಾತು ಅವಳಿಗೆ ನಾಟಿತು. ಯಾಕೆಂದರೆ ಅದರಲ್ಲಿ ಎಷ್ಟು ಸತ್ಯವಿದೆ ಎಂದು ಅಳೆಯಲು ಅವಳಿಗೇ ಆಗಲಿಲ್ಲ. ವರದಿ ಬರೆಯಲು ಕೂತಾಗೆಲ್ಲ ಅದು ಎದುರು ಬಂದು ನಿಲ್ಲುತ್ತಿತ್ತು. ಭಟ್ಟಿಯ ಹೊಗೆಗೆ ಯಂತ್ರ ಮೋಸಹೋಗಿದೆ ಎಂಬ ವಾಕ್ಯವನ್ನು ಒಮ್ಮೆ ಬರೆದೂ ನೋಡಿದಳು. ಅದನ್ನು ಓದಿ ತಡೆದುಕೊಳ್ಳಲಾಗಲಿಲ್ಲ. ತನ್ನ ಗಂಡ ಮೂಕನಾಗುತ್ತಾನೆ ಎಂಬ ಯೋಚನೆ ಅಷ್ಟೇ ತಡೆಯಲಾರದ್ದಾಗಿತ್ತೋ ಇಲ್ಲವೋ ಎಂದು ತನ್ನನ್ನು ಕೇಳಿಕೊಂಡಳು. ಉತ್ತರಕ್ಕೆ ಕಾಯುವ ಧೈರ್ಯವಾಗಲಿಲ್ಲ. ವಾಕ್ಯವನ್ನು ಅಳಿಸಿದಳು. ಕಂಡದ್ದನ್ನು ಕಂಡ ಹಾಗೆ ಬರೆದು ಮಂಡಳಿಗೆ ಕಳಿಸಿದಳು. ಗಂಡನಿಗೆ ಹೇಳಿದಾಗ ಅವನು ಕಣ್ಣನ್ನು ಗೋಡೆಯ ಕಡೆಗೆ ಹೊರಳಿಸಿದ.

ಬೆಂಗಳೂರಿನಲ್ಲಿ ವಿಚಾರಣೆ ನಡೆಯಿತು. ಮಂಡಳಿಯ ಸಭಾಂಗಣದ ಹೊರಗೆ ಬಸ್ಸುಗಳಲ್ಲಿ ಬಂದಿಳಿದ ಜನ ಗುಂಪಾಗಿ ನಿಂತಿದ್ದರು. ಗಾಲಿಕುರ್ಚಿಗಳಲ್ಲಿ ಹಣೆಗೆ ಪಟ್ಟಿ ಕಟ್ಟಿಕೊಂಡವರು, ಅವರ ಹಿಂದೆ ತಾಯಂದಿರು, ಅಣ್ಣತಮ್ಮಂದಿರು. ನಮ್ಮವರ ಬಾಯಿ ಮುಚ್ಚಿಸಬೇಡಿ ಎಂದು ಬಟ್ಟೆಯ ಮೇಲೆ ಬರೆದು ಹಿಡಿದಿದ್ದರು, ಮಂಡಳಿಯ ಬಾಗಿಲಿಗೆ ಎದುರಾಗಿ. ಬಸ್ಸುಗಳನ್ನು ಮಾಡಿಸಿಕೊಟ್ಟದ್ದು ಕಂಪನಿ. ಊಟದ ಪೊಟ್ಟಣಗಳನ್ನು ಮೃದುಲಾ ತಾನೇ ನಿಂತು ಹಂಚಿಸುತ್ತಿದ್ದಳು. ಸಿಂಧನೂರಿನ ಒಬ್ಬ ತಾಯಿ ಪ್ರಮೀಳಾಳ ಕೈ ಹಿಡಿದು, ಆ ಯಂತ್ರ ಮಾಡಿದ ಹೆಂಗಸು ಯಾರು ತೋರಿಸಿರಿ ಎಂದು ಕೇಳಿದಳು. ಪ್ರಮೀಳಾ ಕೈ ಬಿಡಿಸಿಕೊಂಡು ಒಳಗೆ ಹೋದಳು.

ಒಳಗೆ ಅವಳ ಅಳತೆಯನ್ನು ಯಾರಿಗೂ ಅಲ್ಲಗಳೆಯಲಾಗಲಿಲ್ಲ. ಕಂಪನಿಯ ಚಿನ್ನದ ದರ್ಜೆ ಹೋಯಿತು. ಗಾಳಿಗೆ ಬಿಡುವ ಇಂಗಾಲಕ್ಕೆ ಬಿಗಿಯಾದ ಮಿತಿ ಬಂತು. ಹಾಗಾದರೆ ದನಿಪಟ್ಟಿಯನ್ನು ನಿಲ್ಲಿಸುತ್ತೇವೆ ಎಂದಿತು ಕಂಪನಿ. ದನಿಪಟ್ಟಿಯ ತಂತ್ರಾಂಶವನ್ನಾದರೂ ಸರ್ಕಾರಕ್ಕೆ ಕೊಡಿ, ನಾವೇ ನಡೆಸುತ್ತೇವೆ ಎಂದು ಪ್ರಮೀಳಾಳ ಒತ್ತಾಯಕ್ಕೆ ಅಧ್ಯಕ್ಷರು ಕೇಳಿದರು. ಅದು ವ್ಯಾಪಾರದ ಗುಟ್ಟು ಎಂದರು ಕಂಪನಿಯ ವಕೀಲರು. ಒಂದು ಕಂಪನಿ ಪುಕ್ಕಟೆ ಕೊಡುವುದನ್ನು ಕೊಡಲೇಬೇಕೆಂದು ಹೇಳುವ ಅಧಿಕಾರ ಕಾಯ್ದೆಯಲ್ಲಿ ಎಲ್ಲಿಯೂ ಇರಲಿಲ್ಲ. ಸಭೆ ಮುಗಿದಾಗ ಅಧ್ಯಕ್ಷರು ಪ್ರಮೀಳಾಳನ್ನು ಅಭಿನಂದಿಸಿದರು.

ಮುಂದಿನ ತಿಂಗಳ ಕೊನೆಯ ದಿನ ಸಂಜೆಗೆ ದನಿಪಟ್ಟಿ ಸೇವೆ ನಿಲ್ಲುತ್ತದೆ ಎಂಬ ಸೂಚನೆ ಎಲ್ಲ ಮನೆಗಳಿಗೂ ಬಂತು. ಪರಿಸರದ ಹಿತದೃಷ್ಟಿಯಿಂದ, ಮಂಡಳಿಯ ಆದೇಶದ ಮೇರೆಗೆ ಎಂದಿತ್ತು ಅದರಲ್ಲಿ.

ಉಳಿದ ಆ ದಿನಗಳಲ್ಲಿ ರುದ್ರಗೌಡ ಹಿಂದೆಂದೂ ಆಡದಷ್ಟು ಮಾತಾಡಿದ. ಹಳೆಯ ಪೈಲ್ವಾನರನ್ನು ಕರೆಸಿಕೊಂಡು ಮುಗಿದುಹೋದ ಪಂದ್ಯಗಳನ್ನು ಮತ್ತೆ ಆಡಿಸಿದ. ಓಣಿಯ ಮಕ್ಕಳಿಗೆ ಕುಸ್ತಿಯ ಡಾವು, ಪಟ್ಟುಗಳ ಹೆಸರು ಕಲಿಸಿದ. ತಾಯಿಯನ್ನು ಮಗ್ಗುಲಿಗೆ ಕೂಡಿಸಿಕೊಂಡು ತಾನು ಹುಟ್ಟಿದ ದಿನದ ಕಥೆ ಕೇಳಿದ, ಕೇಳುತ್ತಾ ನಡುನಡುವೆ ವಿವರಣೆ ಕೊಟ್ಟು ಅವಳನ್ನು ನಗಿಸಿದ. ಹೆಂಡತಿಯೊಂದಿಗೆ ಮಾತ್ರ ಒಂದು ಮಾತೂ ಇಲ್ಲ. ಅವಳು ಒಳಗೆ ಬಂದರೆ ದನಿ ನಿಲ್ಲುತ್ತಿತ್ತು. ಹೊರಗೆ ಹೋದರೆ ಮತ್ತೆ ಶುರುವಾಗುತ್ತಿತ್ತು. ಅವಳು ಅಡುಗೆಮನೆಯಲ್ಲಿ ನಿಂತು ಗೋಡೆಯಾಚೆಯಿಂದ ಬರುವ ಅವನ ಮಾತನ್ನು ಕೇಳುತ್ತಿದ್ದಳು.

ಆದರೂ ಒಂದು ವಿಷಯಕ್ಕೆ ಅವಳು ಒಳಗೊಳಗೇ ಕೃತಜ್ಞಳಾಗಿದ್ದಳು. ಮಾತು ಯಾಕೆ ನಿಲ್ಲುತ್ತದೆ ಎಂದು ಅವನು ತಾಯಿಗೆ ಹೇಳಿರಲಿಲ್ಲ. ಕಂಪನಿಯವರು ಬಂದ್ ಮಾಡಾಕತ್ತಾರ ಅವ್ವಾ ಎಂದಷ್ಟೇ ಹೇಳಿದ್ದ. ಸೊಸೆ ಹೊಗೆ ಅಳೆಯುವ ಕೆಲಸ ಮಾಡುತ್ತಾಳೆ ಎಂಬುದು ನೀಲವ್ವನಿಗೆ ಗೊತ್ತಿತ್ತು. ಅದಕ್ಕೂ ಮಗನ ದನಿಗೂ ನಂಟು ಇರಬಹುದೆಂದು, ಸೂಚನೆಯನ್ನು ಓದಲು ಬಾರದ ಅವಳು ಹೇಗೆ ತಿಳಿಯಬೇಕು? ಅವನ ಸಿಟ್ಟಿನೊಳಗೆ ಇಷ್ಟಾದರೂ ದಯೆ ಉಳಿದಿದೆ ಎಂದುಕೊಂಡಳು ಪ್ರಮೀಳಾ. ಕೊನೆಯ ದಿನ, ಕೊನೆಯ ಹೊತ್ತಿಗೆ, ತನ್ನನ್ನು ಕರೆದು ಒಂದು ಮಾತಾದರೂ ಆಡುತ್ತಾನೆ ಎಂದು ನಂಬಿದ್ದಳು. ಅವತ್ತು ರಜೆ ಹಾಕಿದಳು. ಬೆಳಿಗ್ಗೆ ಸ್ನಾನ ಮಾಡಿಸಿ, ಅವನಿಗಿಷ್ಟದ ನೀಲಿ ಅಂಗಿ ತೊಡಿಸಿ, ಮಂಚದ ಪಕ್ಕದಲ್ಲೇ ಕೂತಳು. ಅವನು ಗೋಡೆ ನೋಡುತ್ತಿದ್ದ. ಸಂಜೆಯವರೆಗೆ ಸಮಯವಿದೆ ಎಂದು ಸೂಚನೆಯಲ್ಲಿತ್ತು.

ನೀಲವ್ವ ಉಪ್ಪಿಟ್ಟಿನ ತಟ್ಟೆ ತಂದಾಗ ಅವನ ಕಣ್ಣು ನಿಧಾನವಾಗಿ ಹೆಂಡತಿಯ ಕಡೆಗೆ ಹೊರಳಿತು. ಪೆಟ್ಟಿಗೆಯಿಂದ "ಪ್ರಮೀ" ಎಂದು ದನಿ ಬಂತು.

ಅವಳು ಬಗ್ಗಿದಳು. ಪೆಟ್ಟಿಗೆಯ ಹಸಿರು ದೀಪ ಆರಿತು. ಕಂಪನಿ ಬೆಳಿಗ್ಗೆಯೇ ನಿಲ್ಲಿಸಿಬಿಟ್ಟಿತ್ತು. ಯಂತ್ರಗಳು ಬೇರೆ ಕೆಲಸಕ್ಕೆ ಬೇಕಾಗಿದ್ದವು ಎಂದು ಆಮೇಲೆ ಕೇಳಿದವರಿಗೆಲ್ಲ ಉತ್ತರ ಬಂತು. ಅವಳು ಪಟ್ಟಿಯನ್ನು ಒತ್ತಿ ನೋಡಿದಳು, ಬಿಚ್ಚಿ ಕಟ್ಟಿದಳು. ಕಂಪನಿಗೆ ಫೋನ್ ಮಾಡಿ ಕೂಗಾಡಿದಳು. ರುದ್ರಗೌಡನ ಕಣ್ಣು ಅವಳ ಮುಖದ ಮೇಲೇ ಇತ್ತು. ಅವನು ಹೇಳಬೇಕೆಂದಿದ್ದದ್ದನ್ನು ಹೇಳುತ್ತಲೇ ಇದ್ದ ಎಂದು ಅವಳಿಗೆ ಅನ್ನಿಸಿತು. ಸ್ವಲ್ಪ ಹೊತ್ತಿಗೆ ಕಣ್ಣು ಮುಚ್ಚಿಕೊಂಡ.

ಸಿಂಧನೂರಿನ ಆ ಹೆಂಗಸಿನ ಮಗ ಊಟ ಬಿಟ್ಟು ಸತ್ತನೆಂದು ಪತ್ರಿಕೆಯಲ್ಲಿ ಬಂತು. ಅಂಥ ಸುದ್ದಿಗಳು ಕೆಲವು ವಾರ ಬಂದು ನಿಂತುಹೋದವು.

ಮಳೆಗಾಲ ಕಳೆದ ಮೇಲೆ ಮರುಪರಿಶೋಧನೆ. ಪ್ರಮೀಳಾ ಮತ್ತೆ ಆ ಬೇವಿನ ಮರಗಳಿಗೆ ವಯೋಮಾಪಕ ಕಟ್ಟಿಸಿದಳು. ಈಗ ಜನರೇಟರುಗಳಲ್ಲಿ ನಿಜವಾಗಿಯೂ ಹೊಂಗೆ ಎಣ್ಣೆ ಉರಿಯುತ್ತಿತ್ತು. ಅಳತೆಯಲ್ಲಿ ಎಳೆಯ ಹೊಗೆ ಬಿಟ್ಟರೆ ಬೇರೇನೂ ಇರಲಿಲ್ಲ. ನಿಯಂತ್ರಣ ಕೋಣೆಯಲ್ಲಿ ಮೃದುಲಾ ಮತ್ತೆ ಎಳನೀರು ಕೊಟ್ಟಳು. ಪರದೆಯ ಕೆಳಮೂಲೆಯಲ್ಲಿ ಹಸಿರು ಗೆರೆ ಇದ್ದ ಜಾಗದವರೆಗೂ ಜಾಹೀರಾತಿನ ಹಳದಿ ಹರಡಿಕೊಂಡಿತ್ತು.

ದನಿಪಟ್ಟಿ ನಿಲ್ಲಿಸಿದ್ದರಿಂದ ಉಳಿದ ಇಂಗಾಲ ಎಷ್ಟು ಎಂದು ಪ್ರಮೀಳಾ ಕೇಳಿದಳು. ವರದಿಗೆ ಅದು ಬೇಕಿತ್ತು.

ನೂರರಲ್ಲಿ ಒಂದು ಪಾಲೂ ಇಲ್ಲ ಎಂದಳು ಮೃದುಲಾ. ಹಾಗಾದರೆ ಯಾಕೆ ನಿಲ್ಲಿಸಿದಿರಿ ಎಂದು ಕೇಳಿದ್ದಕ್ಕೆ ಅವಳು ಸ್ವಲ್ಪ ಯೋಚಿಸಿದಳು. ಮರೆಮಾಚಲು ಯೋಚಿಸಿದ್ದಲ್ಲ, ಸರಿಯಾದ ಮಾತು ಹುಡುಕಲು.

"ಅಳೆದರೆ ಏನಾಗ್ತದೆ ಅಂತ ನೋಡಿದವರಿಗೆ ಗೊತ್ತಾಗಬೇಕಿತ್ತು ಮೇಡಂ. ಎರಡು ರಾಜ್ಯದವರು ನಿಮ್ಮ ಯಂತ್ರ ತೆಗೆದುಕೊಳ್ಳುವವರಿದ್ದರು. ಈಗ ಬೇಡ ಅಂದಿದ್ದಾರೆ." ಲೋಟ ಖಾಲಿಯಾದದ್ದನ್ನು ನೋಡಿ, ಇನ್ನೊಂದು ಕೊಡಲಾ ಎಂದು ಕೇಳಿದಳು.

ಪ್ರಮೀಳಾ ಕಂಡದ್ದನ್ನು ಕಂಡ ಹಾಗೆ ಬರೆದಳು. ಸಹಸ್ರಾಕ್ಷಕ್ಕೆ ಚಿನ್ನದ ದರ್ಜೆ ಮರಳಿ ಸಿಕ್ಕಿತು.

ಮೊದಲ ಆ ಮೂಕ ವರ್ಷದಲ್ಲಿ ಹೊಳೆದಿರದ ಅಕ್ಷರಗಳ ಹಲಗೆಯೊಂದನ್ನು ಅವಳು ಈಗ ಮನೆಯಲ್ಲಿ ಮಾಡಿಟ್ಟಿದ್ದಳು. ಸಾಲುಗಳ ಮೇಲೆ ಬೆರಳಾಡಿಸುತ್ತಾ ಹೋಗಬೇಕು, ಬೇಕಾದ ಅಕ್ಷರ ಬಂದಾಗ ಅವನು ರೆಪ್ಪೆ ಬಡಿಯಬೇಕು. ನಿಧಾನದ ಕೆಲಸ, ಆದರೆ ಮಾತು ಮಾತೇ. ಅವನು ಮಾತ್ರ ಅವಳು ಹಲಗೆ ಹಿಡಿದೊಡನೆ ಕಣ್ಣು ಮುಚ್ಚುತ್ತಿದ್ದ. ಬೇರೆ ಯಾರು ಹಿಡಿಯಬೇಕು? ದನಿ ನಿಂತ ಮೇಲೆ ಓಣಿಯವರು ಬರುವುದು ಕಡಿಮೆಯಾಗಿತ್ತು, ನೀಲವ್ವನಿಗೆ ಓದು ಬರದು. ಮುದುಕಿ ಮಗನ ಮುಖ ನೋಡಿ, ನೀರೋ, ಮಗ್ಗುಲು ಬದಲಿಸಬೇಕೋ ಎಂದು ಊಹಿಸುತ್ತಾ ತಿಂಗಳುಗಳನ್ನು ದೂಡಿದಳು.

ದರ್ಜೆಯ ಸುದ್ದಿ ಟಿ.ವಿ.ಯಲ್ಲಿ ಬಂದ ಮರುದಿನ ಬೆಳಿಗ್ಗೆ ಪ್ರಮೀಳಾ ಹಲಗೆ ಹಿಡಿದಾಗ ಅವನು ಕಣ್ಣು ಮುಚ್ಚಲಿಲ್ಲ. ಅತ್ತಿ ಬರ್ರಿ, ಮಾತಾಡಾಕತ್ತಾರ ಎಂದು ಕರೆದಳು. ನೀಲವ್ವ ಹಿಟ್ಟಿನ ಕೈಯಲ್ಲೇ ಬಂದು ಮಂಚದ ಕಾಲು ಹಿಡಿದು ನಿಂತಳು. ಸಾಲಿನ ಮೇಲೆ ಬೆರಳು ಓಡಿತು, ರೆಪ್ಪೆ ಬಡಿಯಿತು. ಮೊದಲು 'ಅವ್ವಾ' ಎಂದಾಯಿತು. ನಿಮ್ಮನ್ನ ಕರದಾರ ಎಂದು ಪ್ರಮೀಳಾ ಹೇಳಿದಳು. ನೀಲವ್ವ ಹ್ಞೂಂ ಮಗಾ, ಹ್ಞೂಂ ಎನ್ನುತ್ತಾ ಅವನ ಪಾದ ಸವರಿದಳು. ಒಲೆಯ ಮೇಲಿನ ಸಾರು ಉಕ್ಕಿ ಹೋಗುವಷ್ಟು ಹೊತ್ತು ಹಿಡಿಯಿತು ಉಳಿದದ್ದು ಮುಗಿಯಲು. ಕೊನೆಯ ಶಬ್ದ ಕೂಡುವ ಮೊದಲೇ ಪ್ರಮೀಳಾಳಿಗೆ ವಾಕ್ಯ ತಿಳಿದುಹೋಗಿತ್ತು. ಆದರೂ ಬೆರಳನ್ನು ಕೊನೆಯ ಅಕ್ಷರದವರೆಗೂ ನಡೆಸಿದಳು.

ಬಾಯಿದ್ದಾಗ ಅವನು ಅದನ್ನು ಯಾಕೆ ತಾಯಿಗೆ ಹೇಳಿರಲಿಲ್ಲ ಎಂದು ಈಗ ಅವಳಿಗೆ ಅರ್ಥವಾಯಿತು. ಅದನ್ನು ಅವಳ ಬಾಯಿಂದಲೇ ಹೇಳಿಸಲು ಎತ್ತಿಟ್ಟಿದ್ದ.

"ಏನಂದ?" ಎಂದಳು ನೀಲವ್ವ.

ಮಜ್ಜಿಗೆ ಕೇಳಿದರು ಎನ್ನಬಹುದಿತ್ತು. ಆ ಮನೆಯಲ್ಲಿ ಅದನ್ನು ಸುಳ್ಳೆಂದು ಹೇಳಬಲ್ಲ ಬಾಯಿ ಇರಲಿಲ್ಲ. ರುದ್ರಗೌಡ ಅವಳನ್ನೇ ನೋಡುತ್ತಿದ್ದ, ರೆಪ್ಪೆ ಕೂಡ ಅಲುಗಿಸದೆ.

"ಅವ್ವಾ, ನನ್ನ ದನಿ ತಗಸಿದಾಕಿ ಇಕೀನ," ಎಂದು ಪ್ರಮೀಳಾ ಓದಿದಳು.

ನೀಲವ್ವ ಸೊಸೆಯ ಮುಖ ನೋಡಿದಳು. ಖರೇನ ಎಂದು ಕೇಳಿದಳು. ಹೌದ್ರಿ ಎಂದಳು ಪ್ರಮೀಳಾ. ಅವ ಬ್ಯಾಡಂದಿದ್ದನ ಎಂದು ಕೇಳಿದಳು. ಬ್ಯಾಡಂದಿದ್ರು ಎಂದಳು. ಯಾಕೆ ಎಂದು ಮುದುಕಿ ಕೇಳಿದ್ದರೆ ಹೇಳಲು ಅವಳ ಹತ್ತಿರ ಬೇಕಾದಷ್ಟಿತ್ತು. ನೀಲವ್ವ ಕೇಳಲಿಲ್ಲ. ಹಿಟ್ಟಾದ ಕೈಯನ್ನು ಸೀರೆಗೆ ಒರೆಸಿಕೊಂಡು ಹಲಗೆಯನ್ನು ಸೊಸೆಯ ಕೈಯಿಂದ ತೆಗೆದುಕೊಂಡಳು. ಕುರ್ಚಿಯಿಂದ ಏಳು ಎಂದು ಕಣ್ಣಿನಲ್ಲೇ ಹೇಳಿ, ತಾನು ಕೂತಳು. ಹಲಗೆಯನ್ನು ಮಗನ ಮುಂದೆ ಹಿಡಿದು, ಸೊಸೆ ಮಾಡುವುದನ್ನು ನೋಡಿದ್ದ ಹಾಗೆಯೇ, ತನಗೆ ಗೊತ್ತಿಲ್ಲದ ಅಕ್ಷರಗಳ ಮೇಲೆ ಬೆರಳಾಡಿಸತೊಡಗಿದಳು. ರೆಪ್ಪೆ ಬಡಿದಾಗೆಲ್ಲ ಹ್ಞೂಂ ಮಗಾ ಎನ್ನುತ್ತಿದ್ದಳು.

ಪ್ರಮೀಳಾ ಬಾಗಿಲಿಗೆ ಬಂದು ನಿಂತಳು. ಅಲ್ಲಿಂದ ಹಲಗೆಯ ಬೆನ್ನಷ್ಟೇ ಕಾಣುತ್ತಿತ್ತು, ಅಕ್ಷರಗಳಲ್ಲ. ರುದ್ರಗೌಡ ಒಂದೇ ಸಮನೆ ರೆಪ್ಪೆ ಬಡಿಯುತ್ತಿದ್ದ.